ಸೂಜಿ ಚಿಕ್ಕಸ್ವಾಮಿಯ ಸೊಂಟ

ಬೆಳ್ಳೂರು ಕ್ರಾಸಿನ ರಸ್ತೆಯುಬ್ಬಿನ ಹತ್ತಿರ ಚಿಕ್ಕಸ್ವಾಮಿ ಆ ಒಂದು ಸುಳ್ಳು ಹೇಳದೇ ಹೋಗಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ.

ಅಂಥಾ ದೊಡ್ಡ ಸುಳ್ಳೂ ಅಲ್ಲ. ಬೆಂಗಳೂರಿನಿಂದ ಕೆ.ಆರ್. ಪೇಟೆಗೆ ವಾಪಸ್ ಬರುತ್ತಿದ್ದ ಅಂಬಾಸಿಡರ್ ಕಾರು ಉಬ್ಬಿನ ಮೇಲೆ ಹಾರಿ ದಡಾರನೆ ಕೆಳಗೆ ಕೂತಾಗ, ಹಿಂದಿನ ಸೀಟಿನಲ್ಲಿ ಹೆಂಡತಿ ಹೇಮಶ್ರೀ ಪಕ್ಕ ಕೂತಿದ್ದ ಅವನಿಗೆ ಜೀವ ಬಾಯಿಗೆ ಬಂದಿತ್ತು. ಕಾರು ಓಡಿಸುತ್ತಿದ್ದ ಜಹೀರುದ್ದೀನ್ ಎದುರುಮನೆಯವನೇ, ಬಂಗಾರದಂಥ ಮನುಷ್ಯ, ಆದರೆ ಗಾಡಿ ಹತ್ತಿದರೆ ಹಿಂದೆ ಯಾರು ಕೂತವ್ರೆ ಅನ್ನೋದು ಅವನಿಗೆ ಮರೆತುಹೋಗುತ್ತದೆ. ಮೆಲ್ಲಗೆ ಓಡಿಸು ಮಾರಾಯ ಅಂದಿದ್ದಕ್ಕೆ ಯಾಕೆ ಅಂತ ಕೇಳಿದ. ಚಿಕ್ಕಸ್ವಾಮಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಸೊಂಟ ಹಿಡ್ಕಂಡ್ಬುಟ್ಟದೆ ಕಣಪ್ಪ, ನಂಗೆ."

ಅಲ್ಲಿಂದ ಮುಂದೆ ಜಹೀರುದ್ದೀನ್ ಕಾರನ್ನು ಬಸುರಿ ಹೆಂಗಸನ್ನು ತವರಿಗೆ ಕರೆದೊಯ್ಯುವ ಎತ್ತಿನಗಾಡಿ ಥರ ಓಡಿಸಿದ. ನಾಗಮಂಗಲ ದಾಟೋ ಹೊತ್ತಿಗೆ ಕಬ್ಬು ಹೇರಿದ ಟ್ರಾಕ್ಟರುಗಳೆಲ್ಲ ಹಾರನ್ ಹೊಡೆದು ಮುಂದೆ ಹೋಗಿದ್ದವು. ದಾರಿಯುದ್ದಕ್ಕೂ ಅವನು ತನ್ನ ಮಾವನ ಸೊಂಟ, ಭಾವನ ಸೊಂಟ, ಒಟ್ಟು ತಾನು ಕಂಡ ಸೊಂಟಗಳ ಕತೆ ಹೇಳುತ್ತಿದ್ದ. ಚಿಕ್ಕಸ್ವಾಮಿ ಹೂಂ ಹೂಂ ಅನ್ನುತ್ತ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಹೇಮಶ್ರೀ ಕಿಟಕಿ ಕಡೆ ತಿರುಗಿ ನಗು ತಡೆದುಕೊಂಡಿದ್ದಳು.

ನಿಜವಾದ ಸಂಗತಿ ಬೇರೆ. ಆವತ್ತು ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ, ಗಾಜಿನ ಬಟ್ಟಲಲ್ಲಿ ಬೆಳೆಸಿದ ಭ್ರೂಣವನ್ನು ಹೇಮಶ್ರೀಯ ಗರ್ಭದೊಳಗೆ ಇಟ್ಟಿದ್ದರು. ಅದು ಅಲ್ಲಿ ಕಚ್ಚಿಕೊಂಡರೆ ಮಗು, ಇಲ್ಲದಿದ್ದರೆ ಇಲ್ಲ. ಮದುವೆಯಾಗಿ ಹನ್ನೊಂದು ವರ್ಷ ಆಗಿತ್ತು. ಇನ್ನೊಂದು ಸಲ ಇದೆಲ್ಲ ಮಾಡಿಸೋ ತ್ರಾಣ ಇಬ್ಬರ ಮೈಯಲ್ಲೂ ಮನಸ್ಸಲ್ಲೂ ಉಳಿದಿರಲಿಲ್ಲ.

ಇದರಲ್ಲಿ ವಿಧಿಯ ಕುಚೋದ್ಯವೊಂದಿತ್ತು. ಚಿಕ್ಕಸ್ವಾಮಿ ಮಾಡುತ್ತಿದ್ದ ಕೆಲಸ, ಬೆದೆಗೆ ಬಂದ ಹಸುಗಳಿಗೆ ಹಾಲಿನ ಸಂಘದ ಪರವಾಗಿ ಸೂಜಿ ಹಾಕಿ ಗಬ್ಬ ಕಟ್ಟಿಸುವುದು. ಕೈಗೆ ಉದ್ದ ಗವಸು ಹಾಕಿಕೊಂಡು, ಮೊಪೆಡ್ಡಿನ ಹಿಂದೆ ಐಸಿನ ಹಂಡೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದ. ಅವನ ಕೈ ಅಂದರೆ ತಾಲ್ಲೂಕಿನಲ್ಲೇ ಹೆಸರು. ಸೂಜಿ ಚಿಕ್ಕಸ್ವಾಮಿ ಅಂದರೆ ಯಾರಿಗಾದರೂ ಗೊತ್ತು. ಊರು ತುಂಬ ಕರು ಹುಟ್ಟಿಸಿದವನ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲವಲ್ಲ ಅಂತ ಜನ ಮುಂದೆ ಮರುಗುತ್ತಿದ್ದರು, ಹಿಂದೆ ನಗುತ್ತಿದ್ದರು.

ಎರಡು ವರ್ಷದ ಹಿಂದೆ ಮೈಸೂರಲ್ಲೊಂದು ಔಷಧಿ ಮಾಡಿಸಿದಾಗ ಬೀದಿಗೆಲ್ಲ ಗೊತ್ತಾಗಿ, ದಿನಾ ಬೆಳಗಾದರೆ ಏನಾಯ್ತು, ಏನಾಯ್ತು ಅಂತ ಬಾಗಿಲಿಗೆ ಬರುತ್ತಿದ್ದರು. ಏನೂ ಆಗಲಿಲ್ಲ ಅಂತ ಗೊತ್ತಾದಾಗ ಸಾವಿನ ಮನೆಗೆ ಬಂದಹಾಗೆ ಸೆರಗಲ್ಲಿ ಕಣ್ಣೊರೆಸಿಕೊಂಡು ಬಂದರು. ಅದಾದ ಮೇಲೆ ಪಕ್ಕದ ಮನೆ ಜಯಲಕ್ಷ್ಮಮ್ಮ ಮೊಮ್ಮಗಳ ನಾಮಕರಣದಲ್ಲಿ, ಮಗುವನ್ನು ತೊಟ್ಟಿಲಿಗೆ ಹಾಕೋ ಹೊತ್ತಿಗೆ ಸರಿಯಾಗಿ, ಹೇಮಶ್ರೀಯನ್ನು ಅಡುಗೆಮನೆಗೆ ಏನೋ ತರಲು ಕಳಿಸಿದ್ದಳು. ಹೇಮಶ್ರೀಗೆ ಅರ್ಥವಾಗಿತ್ತು. ಮನೆಗೆ ಬಂದು ಅತ್ತಿರಲಿಲ್ಲ, ಗಂಡನಿಗೆ ಒಂದೇ ಮಾತು ಹೇಳಿದ್ದಳು: ಇನ್ನು ಮುಂದೆ ಏನೇ ಮಾಡಿಸಿದರೂ ಹೊಟ್ಟೆ ಕಾಣಿಸೋ ತನಕ ಒಂದು ನರಪಿಳ್ಳೆಗೂ ಗೊತ್ತಾಗಕೂಡದು. ನರಪಿಳ್ಳೆ ಅಂದರೆ ಅತ್ತೆ ಪುಟ್ಟತಾಯಮ್ಮನೂ ಸೇರಿ. ಚಿಕ್ಕಸ್ವಾಮಿ ಅವಳ ತಲೆ ಮುಟ್ಟಿ ಆಣೆ ಮಾಡಿದ್ದ. ಹಾಗಾಗಿ ಸುಳ್ಳು. ಜಹೀರುದ್ದೀನನಿಗೂ ಮದುವೆಗೆ ಅಂತಲೇ ಹೇಳಿ, ಒಂದು ಛತ್ರದ ಮುಂದೆ ಇಳಿದುಕೊಂಡು, ಅಲ್ಲಿಂದ ಆಸ್ಪತ್ರೆಗೆ ಆಟೋ ಹಿಡಿದಿದ್ದರು.

ಇಷ್ಟಕ್ಕೂ ಆಸ್ಪತ್ರೆಯ ಡಾಕ್ಟರಮ್ಮ, ಮಲಗಿಸಿ ಅಂತ ಹೇಳಿಯೇ ಇರಲಿಲ್ಲ. ಮನೆಯಲ್ಲಿ ಎಂದಿನ ಹಾಗೆ ಓಡಾಡಿಕೊಂಡಿರಮ್ಮ, ಭಾರ ಮಾತ್ರ ಎತ್ತಬೇಡಿ, ನಡೆದರೆ ಬೀಳುತ್ತೆ ಅನ್ನೋದೆಲ್ಲ ಸುಮ್ಮನೆ ಭಯ ಅಂದಿದ್ದರು. ಹೇಮಶ್ರೀ ತಲೆಯಾಡಿಸಿದ್ದಳು. ಆದರೆ ಚಿಕ್ಕಸ್ವಾಮಿ ಹೊರಗೆ ಮೊಗಸಾಲೆಯಲ್ಲಿ ಕಾಯುತ್ತಿದ್ದಾಗ ಪಕ್ಕದಲ್ಲಿ ಎಲೆಅಡಿಕೆ ಹಾಕುತ್ತಿದ್ದ ಹಾಸನದ ಕಡೆಯ ಒಬ್ಬ ಮುದುಕಿ ಬೇರೆ ಹೇಳಿದ್ದಳು. ಭಾರ ಮುಟ್ಟಿಸಬಾರದಂತೆ, ಮಿಸುಕಾಡದಂಗೆ ಮಲಗಿಸಬೇಕಂತೆ, ಮಂಚದ ಕಾಲುದೆಸೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಬೇಕಂತೆ, ಇಲ್ಲದಿದ್ದರೆ ತಗ್ಗಿಗೆ ನೀರು ಹರಿದ ಹಾಗೆ ಜಾರಿಹೋಗುತ್ತದಂತೆ. ಅವಳ ಸೊಸೆಗೆ ಅವಳಿ ಜವಳಿ ನಿಂತಿದ್ದು ಹೀಗೇ ಅಂತೆ. ಡಾಕ್ಟರಮ್ಮನಿಗೆ ದಿನಕ್ಕೆ ಹತ್ತು ಜನ, ಮುದುಕಿಗೆ ಇರೋಳು ಒಬ್ಬಳೇ ಸೊಸೆ, ಯಾರು ಹೆಚ್ಚು ಕಾಳಜಿಯಿಂದ ಹೇಳುತ್ತಾರೆ ಅನ್ನೋದು ಚಿಕ್ಕಸ್ವಾಮಿಯ ತರ್ಕ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಅವನು ಹಿತ್ತಲಿನಿಂದ ಇಟ್ಟಿಗೆ ತಂದು, ಬೀಟೆ ಮರದ ಆ ಮಂಚವನ್ನು ಒಬ್ಬನೇ ಎತ್ತಿ, ಕಾಲುದೆಸೆಗೆ ಇಟ್ಟ. ಹೇಮಶ್ರೀ ಬೇಡ ಬೇಡ ಅಂದರೂ ಬಿಡದೆ ಮಲಗಿಸಿದ. ತಲೆ ಕೆಳಗೆ, ಕಾಲು ಮೇಲೆ. ಅವಳು ಅಟ್ಟದ ಜಂತೆ ಎಣಿಸುತ್ತ, ಹಿಂಗೇ ಇದ್ದರೆ ಮಗು ನಿಲ್ಲೋಕೆ ಮುಂಚೆ ನನ್ನ ಪ್ರಾಣ ಮೂಗಿಗೆ ಇಳೀತದೆ ಅಂತ ಗೊಣಗಿದಳು.

ಪುಟ್ಟತಾಯಮ್ಮ ಹಾಲು ಕರೆದು ಒಳಗೆ ಬಂದವಳು ಬಾಗಿಲಲ್ಲಿ ನಿಂತಳು. ಮಗ, ಇವಳಿಗೆ ಪ್ರಯಾಣ ಮಾಡಿ ತಲೆಸುತ್ತು ಅಂತ ಹೇಳಿದ. ಅವಳು ಇಟ್ಟಿಗೆ ನೋಡಿದಳು, ಸೊಸೆಯ ಮುಖ ನೋಡಿದಳು, ಚೆಂಬು ತೆಗೆದುಕೊಂಡು ಒಲೆ ಹತ್ತಿರ ಹೋದಳು. ಚಿಕ್ಕಸ್ವಾಮಿಗೆ ಸದ್ಯ ಅನ್ನಿಸಿತು.

ಆ ಸದ್ಯ ಕಾಫಿ ಆರೋ ತನಕವೂ ಉಳಿಯಲಿಲ್ಲ. ಜಗಲಿಯಲ್ಲಿ ಜಹೀರುದ್ದೀನನ ದನಿ ಕೇಳಿಸಿತು, ಜೊತೆಗೆ ಅವನ ಹೆಂಡತಿ ಪರ್ವೀನ್. ಸೊಂಟ ಹಿಡಿದವನನ್ನು ನೋಡೋಕೆ ಬಂದಿದ್ದರು. ಗಂಡ ಬಾಗಿಲು ಹಾಕಲೋ ಬೇಡವೋ ಅಂತ ತಡವರಿಸುತ್ತಿರುವಾಗಲೇ ಹೇಮಶ್ರೀ ಚಂಗನೆ ಮಂಚದಿಂದಿಳಿದು, ಅವನ ತೋಳು ಹಿಡಿದು ಆ ಜಾಗಕ್ಕೆ ಅವನನ್ನು ಕೆಡವಿ, ಮೇಲೆ ಕಂಬಳಿ ಎಳೆದಳು.

"ಸೊಂಟ ನೋವು ನಿಮ್ದು ತಾನೆ? ಮಲಿಕ್ಕಳಿ," ಅಂದಳು ಕಿವಿಯಲ್ಲಿ.

ಜಹೀರುದ್ದೀನ್ ಒಳಗೆ ಬಂದವನೇ ತಲೆ ಕೆಳಗಾಗಿ ಮಲಗಿದ್ದ ಚಿಕ್ಕಸ್ವಾಮಿಯನ್ನು ಕಂಡು ಅಲ್ಲಾ ಅಂತ ಎದೆ ಮೇಲೆ ಕೈ ಇಟ್ಟುಕೊಂಡ. ದೊಡ್ಡಾಸ್ಪತ್ರೆಯಲ್ಲಿ ಕಾಲಿಗೆ ಕಲ್ಲು ಕಟ್ಟಿ ಎಳೀತಾರಲ್ಲ, ಇದೂ ಅದೇ ಥರದ್ದು ಅಂತ ಇಟ್ಟಿಗೆಯನ್ನು ತಾನೇ ಪರ್ವೀನಳಿಗೆ ವಿವರಿಸಿದ. ತಾನು ಗಾಡಿ ಹಾರಿಸಿದ್ದರಿಂದಲೇ ಇಷ್ಟಾಯಿತು ಅಂತ ಅವನ ಕಣ್ಣಲ್ಲಿ ನೀರು. ಪರ್ವೀನ್ ಬಿಸಿ ಉಪ್ಪಿನ ಗಂಟು ತಂದಿದ್ದಳು. ಅದನ್ನು ಜಹೀರುದ್ದೀನನೇ ಒತ್ತಿದ. ಸ್ನೇಹಿತನ ಮೇಲಿನ ಪ್ರೀತಿಯೆಲ್ಲ ಆ ಗಂಟಿನಲ್ಲಿ ಇಳಿದು ಚಿಕ್ಕಸ್ವಾಮಿಯ ಚರ್ಮ ಸುಟ್ಟಿತು.

ಸುಟ್ಟಿದ್ದು ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ಅಡುಗೆಮನೆಯಲ್ಲಿ ಅವನ ತಾಯಿ, ಬಂದವರಿಗೆ ಕಾಫಿ ಮಾಡು ಹೇಮಾ, ಅಂಗೇ ತಟ್ಟೆ ತತ್ತಾ, ಅಂಗೇ ನಡುಮನೆ ಗುಡಿಸ್ಬುಡು ಅಂತ ಸೊಸೆಗೆ ಒಂದರ ಮೇಲೊಂದು ಕೆಲಸ ಹೇಳುತ್ತಿದ್ದಳು. ಹೇಮಶ್ರೀ ಅತ್ತಿಂದಿತ್ತ ಓಡಾಡುತ್ತಿದ್ದಳು. ಅವಳ ಕಾಲ್ಗೆಜ್ಜೆ ಝಣ್ ಅಂದಾಗಲೆಲ್ಲ ಇವನ ಎದೆ ಧಸಕ್ ಅನ್ನುತ್ತಿತ್ತು. ಅಯ್ಯೋ ಮೆಲ್ಲಗೆ, ಮೆಲ್ಲಗೆ ಅಂತ ಅವನು ನರಳಿದ. ಜಹೀರುದ್ದೀನ್ ಅದು ತನಗೆ ಹೇಳಿದ್ದು ಅಂದುಕೊಂಡು ಗಂಟನ್ನು ಇನ್ನಷ್ಟು ಮೆಲ್ಲಗೆ, ಅಂದರೆ ಇನ್ನಷ್ಟು ಹೊತ್ತು, ಒತ್ತಿದ.

ಅಷ್ಟರಲ್ಲಿ ತಮ್ಮಯ್ಯ ಬಂದ. ಹೊಸಹೊಳಲು ರಸ್ತೆಯಲ್ಲಿ ತೋಟ ಇರುವ ರೈತ, ಮನೆ ತುಂಬ ಸೀಮೆಹಸು. ಅವನ ಕಪ್ಪು ಬಿಳಿ ಹಸು ಬೆಳಗಿನ ಜಾವದಿಂದ ಬಡ್ಕತಾ ಅದೆ, ಈಗಲೇ ಬಂದು ಸೂಜಿ ಹಾಕಬೇಕು, ಸಂಜೆಗೆ ಬೆದೆ ಇಳಿದುಬಿಡುತ್ತೆ ಅಂತ ಅವನ ಹಟ. ಚಿಕ್ಕಸ್ವಾಮಿ ಕಾಲು ಮೇಲಾಗಿ ಮಲಗಿಕೊಂಡೇ, ಕಿಕ್ಕೇರಿಯಲ್ಲಿ ಇನ್ನೊಬ್ಬ ಇದ್ದಾನೆ, ಅವನನ್ನು ಕರೆಸಿಕೋ ಅಂದ. ಕಿಕ್ಕೇರಿಯವನ ಕೈ ಆಗಿ ಬರಲ್ಲ ಅಂತ ತಮ್ಮಯ್ಯ ಮುಖ ಊದಿಸಿಕೊಂಡು ಅಲ್ಲೇ ಕೂತ. ಕೂತವನು ಬಾಯಿ ಸುಮ್ಮನಿಡಲಿಲ್ಲ. ಹೋದ ಸಲ ನೀವು ಹೇಳಿದಂಗೇ ಮಾಡಿದ್ದೆ, ಅದಕ್ಕೇ ಮೊದಲನೇ ಸೂಜಿಗೇ ನಿಂತಿತ್ತು ಅಂತ ಎಲ್ಲರಿಗೂ ಕೇಳೋಹಾಗೆ ವರದಿ ಒಪ್ಪಿಸಿದ.

"ಇವ್ರದು ಒಂದೇ ಮಾತು. ಸೂಜಿ ಹಾಕಿದ್ಮೇಲೆ ಹಸುನ ಮಲಗಕ್ ಬುಡಬ್ಯಾಡಿ. ನಾಕು ಎಜ್ಜೆ ನಡೆಸಿ, ನಿಲ್ಲಿಸ್ಕಂಡಿರಿ. ಮಲಗಿದ್ರೆ ಒಂಟೋಯ್ತದೆ ಅಂತ."

ಬಾಗಿಲ ಮರೆಯಲ್ಲಿ ನಿಂತಿದ್ದ ಪುಟ್ಟತಾಯಮ್ಮ, ಹೂಂ ಕಣಪ್ಪ, ನನ್ನ ಮಗ ಎಲ್ಲಾರ್ಗೂ ಅದೇ ಹೇಳಾದು ಅಂದಳು.

ಮಂಚದ ಮೇಲೆ ಚಿಕ್ಕಸ್ವಾಮಿಗೆ ಬೆವರು ಬಂತು. ಹೌದಲ್ಲ, ತಾಲ್ಲೂಕಿನ ಹಸುಗಳಿಗೆಲ್ಲ ಮಲಗಬೇಡಿ ಅಂತ ಹೇಳಿಕೊಂಡು ಬಂದವನು ತಾನು. ಕಟ್ಟಿಕೊಂಡ ಹೆಂಡತಿಗೆ ಏಳಬೇಡ ಅಂತ ಇಟ್ಟಿಗೆ ಇಟ್ಟವನೂ ತಾನೇ. ಎರಡರಲ್ಲಿ ಒಂದು ತಪ್ಪಿರಬೇಕು. ಹಸುವಿಗೆ ನಾಲ್ಕು ಕಾಲು, ಅದು ಅಡ್ಡ ಇರುತ್ತದೆ, ಮನುಷ್ಯರು ನೆಟ್ಟಗೆ ಇರುತ್ತಾರೆ ಅಂತ ಏನೇನೋ ಸಮಾಧಾನ ಹೇಳಿಕೊಂಡ. ತಲೆಗೆ ರಕ್ತ ಇಳಿದಿದ್ದರಿಂದಲೋ ಏನೋ, ಯಾವ ಸಮಾಧಾನವೂ ಗಟ್ಟಿ ನಿಲ್ಲಲಿಲ್ಲ.

ಹಸುವಿನ ಚಿಂತೆಯಲ್ಲಿದ್ದ ತಮ್ಮಯ್ಯನಿಗೆ ಇವನು ಎದ್ದರೆ ಸಾಕಾಗಿತ್ತು. ಸೊಂಟ ಅಂದರೆ ಚಿಕ್ಕಮಾದಯ್ಯನೇ ಬರಬೇಕು ಅಂದ. ಚಿಕ್ಕಮಾದಯ್ಯ ನಾಗಮಂಗಲದ ಕಡೆಯ ಒಬ್ಬ ಮೂಳೆ ಕಟ್ಟುವವನು. ಅವನ ಕೈಗೆ ಸಿಕ್ಕವರು ನೆಟ್ಟಗೆ ಆಗುತ್ತಾರೆ ಅಂತ ಪ್ರತೀತಿ, ಆಗುವಾಗ ಅವರು ಕೂಗಿಕೊಳ್ಳುವುದು ಮೂರು ಊರಿಗೆ ಕೇಳುತ್ತದೆ ಅಂತಲೂ ಪ್ರತೀತಿ. ಚಿಕ್ಕಸ್ವಾಮಿ ಬೇಡವೇ ಬೇಡ, ಈಗಾಗಲೇ ವಾಸಿ ಆಗ್ತಾ ಇದೆ ಅಂದ. ಪುಟ್ಟತಾಯಮ್ಮ ಮಾತ್ರ, ಕರ್ಕಂಬರಪ್ಪ, ಹೆತ್ತ ಕರುಳು ನೋಡಕ್ಕಾಗಾಕಿಲ್ಲ ಅಂದುಬಿಟ್ಟಳು. ಪಾಪಪ್ರಜ್ಞೆಯಲ್ಲಿ ಬೇಯುತ್ತಿದ್ದ ಜಹೀರುದ್ದೀನ್ ಆಗಲೇ ಕಾರಿನ ಬೀಗದಕೈ ಹಿಡಿದು ಎದ್ದಿದ್ದ. ಈ ಸಲ ಅವನಿಗೆ ಮೆಲ್ಲಗೆ ಓಡಿಸು ಅಂತ ಹೇಳುವವರು ಯಾರೂ ಇರಲಿಲ್ಲ.

ಅವನು ಹೋಗಿ ಬರುವುದರೊಳಗೆ ಜಯಲಕ್ಷ್ಮಮ್ಮ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಚಿಕ್ಕಸ್ವಾಮಿ ಹೆದರುತ್ತಿದ್ದುದು ಇವಳೊಬ್ಬಳಿಗೆ. ಯಾವ ಮನೆಯಲ್ಲಿ ಏನು ಬೆಂದಿದೆ ಅನ್ನೋದು ಒಲೆಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ನಡುಮನೆಯಲ್ಲಿ ಚಾಪೆ ಹಾಸಿ ಕೂತವಳು ಇವನ ಸೊಂಟಕ್ಕಿಂತ ಹೆಚ್ಚಾಗಿ ಹೇಮಶ್ರೀಯ ಮುಖವನ್ನೇ ನೋಡುತ್ತಿದ್ದಳು. ಬೆಂಗಳೂರಿಗೆ ಯಾಕೆ ಹೋಗಿದ್ದಿರಿ ಅಂತ ಕೇಳಿದಳು. ಮದುವೆಗೆ ಅಂತ ಹೇಮಶ್ರೀ ಅಂದಳು. ಯಾರ ಮದುವೆ ಅಂದರೆ ಹೇಮಶ್ರೀ ತವರಿನ ಕಡೆ ಅಂದಳು, ಚಿಕ್ಕಸ್ವಾಮಿ ಅದೇ ಗಳಿಗೆಯಲ್ಲಿ ಮಂಚದಿಂದ ಸ್ನೇಹಿತನದು ಅಂದ. ಪುಟ್ಟತಾಯಮ್ಮ ಮಧ್ಯೆ ಬಾಯಿ ಹಾಕಿ, ಹೇಮನ ತವರಿನ ಕಡೆ ಹುಡುಗನೇ ಇವನ ಸ್ನೇಹಿತ ಅಂತ ಸೇರಿಸಿ, ಜಯಲಕ್ಷ್ಮಮ್ಮನಿಗೆ ಇನ್ನೊಂದು ಲೋಟ ಕಾಫಿ ಮಾಡೋಕೆ ಸೊಸೆಯನ್ನು ಎಬ್ಬಿಸಿದಳು. ಅವ್ವ ಎಂಥಾ ಸಮಯಕ್ಕೆ ಆದಳು ಅಂತ ಚಿಕ್ಕಸ್ವಾಮಿಗೆ ಕೃತಜ್ಞತೆ ಬಂತು, ಮತ್ತೆ ಹೇಮಶ್ರೀಯನ್ನು ಎಬ್ಬಿಸಿದಳಲ್ಲ ಅಂತ ಸಿಟ್ಟೂ ಬಂತು.

ಹೊತ್ತೇರಿದ ಹಾಗೆ ಕೆಲಸ ಮುಗಿಯಲೇ ಇಲ್ಲ. ಹೇಮಶ್ರೀ ಅಕ್ಕಿ ಆರಿಸಿದಳು, ಹೂ ಬಿಡಿಸಲು ಹಿತ್ತಲಿಗೆ ಹೋದಳು, ಹಸುವಿಗೆ ಹುಲ್ಲು ಹಾಕಿ ಬಂದಳು. ಮುಖದಲ್ಲಿ ಸುಸ್ತಿರಲಿಲ್ಲ, ಬೆಳಿಗ್ಗೆ ಮಂಚದ ಮೇಲೆ ಇದ್ದ ಗಂಟುಮೋರೆಯೂ ಇರಲಿಲ್ಲ. ಚಿಕ್ಕಸ್ವಾಮಿ ಮಾತ್ರ ಕಂಬಳಿಯೊಳಗೆ ಸಾಯುತ್ತಿದ್ದ. ಒಳಗಿರುವ ಆ ಸಾಸಿವೆಗಿಂತ ಸಣ್ಣ ಜೀವ, ಅದಕ್ಕೆ ಕೈಯಿಲ್ಲ ಕಾಲಿಲ್ಲ, ಹೇಗೆ ತಾನೇ ಹಿಡಿದುಕೊಂಡಿರುತ್ತೆ ಅಂತ ನೆನೆದು ಅವನಿಗೆ ಅಳು ಉಕ್ಕಿತು. ಹಿಡ್ಕೊ ಮಗಾ, ಬಿಡಬೇಡ ಅಂತ ಮನಸ್ಸಿನಲ್ಲೇ ಅಂದುಕೊಂಡ. ಅವನ ಕಣ್ಣಿನ ನೀರು ಕೆನ್ನೆಗೆ ಇಳಿಯುವ ಬದಲು ಹಣೆಗೆ ಇಳಿಯಿತು. ಜಯಲಕ್ಷ್ಮಮ್ಮ ಅದನ್ನು ಕಂಡು, ಪಾಪ ಏನು ನೋವೋ ಅಂತ ಲೊಚಗುಟ್ಟಿದಳು.

ಆಗಲೇ ಪುಟ್ಟತಾಯಮ್ಮ, ಹೇಮಾ, ಆ ಹಿತ್ತಾಳೆ ಕೊಡ ತಕ್ಕಂಬಾ ಅಂದಳು.

ಹೇಮಶ್ರೀ ಬಚ್ಚಲಿನಿಂದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಡುಮನೆ ದಾಟಿದಳು. ಚಿಕ್ಕಸ್ವಾಮಿಗೆ ಕಣ್ಣು ಕತ್ತಲೆ ಬಂತು. ತುಂಬಿದ ಕೊಡ! ಭಾರ ಎತ್ತಬೇಡಿ ಅಂತ ಡಾಕ್ಟರಮ್ಮನೂ ಹೇಳಿದ್ದರು. ಡಾಕ್ಟರಮ್ಮ ಮತ್ತು ಮುದುಕಿ ಒಪ್ಪಿದ್ದ ಮಾತು ಅದೊಂದೇ. ಆಣೆ, ಮಾನ, ಸೊಂಟ ಎಲ್ಲ ಮರೆತು ಕಂಬಳಿ ಕಿತ್ತೆಸೆದು, ಇಟ್ಟಿಗೆ ಮಂಚದಿಂದ ಕಪ್ಪೆ ಹಾಗೆ ನೆಗೆದು, ಇದ್ದ ಶಕ್ತಿಯೆಲ್ಲ ಹಾಕಿ ಅವಳ ಕೈಯಿಂದ ಕೊಡವನ್ನು ಕಸಿದು ಮೇಲಕ್ಕೆತ್ತಿದ.

ಕೊಡ ಖಾಲಿ ಇತ್ತು.

ತುಂಬಿದ ಕೊಡಕ್ಕೆ ಹಾಕಿದ ಬಲಕ್ಕೆ ಖಾಲಿ ಕೊಡ ಅಟ್ಟದ ಜಂತೆಗೆ ಹೋಗಿ ಬಡಿದು ಠಣ್ ಅಂತು. ಅದರ ಜೊತೆಗೇ ಚಿಕ್ಕಸ್ವಾಮಿಯ ಸೊಂಟದಲ್ಲಿ ಒಣಗಿದ ಕಡ್ಡಿ ಮುರಿದಂಥ ಸದ್ದಾಯಿತು. ಅವನು ಕೊಡ ಹಿಡಿದ ಭಂಗಿಯಲ್ಲೇ, ಎರಡು ಕೈ ಮೇಲೆತ್ತಿ, ಅರ್ಧ ಬಗ್ಗಿ, ನಿಂತಲ್ಲೇ ನಿಂತ. ಮೇಲೆ ಏಳೋಕಾಗಲಿಲ್ಲ, ಕೆಳಗೆ ಕೂರೋಕಾಗಲಿಲ್ಲ. ಜಯಲಕ್ಷ್ಮಮ್ಮ, ಸೊಂಟ ನೋವಿರೋ ಗಂಡಸಿಗೆ ಕೊಡ ಹೊರೋ ಚಪಲ ಯಾಕೆ ಅಂತ ಬೈದಳು. ಪುಟ್ಟತಾಯಮ್ಮನೂ ತಮ್ಮಯ್ಯನೂ ಸೇರಿ ಅವನನ್ನು ಹಲಗೆ ಥರ ಎತ್ತಿ ಮಂಚಕ್ಕೆ ಒರಗಿಸುವಾಗ, ಬಾಗಿಲಲ್ಲಿ ಕಾರು ಬಂದು ನಿಂತ ಶಬ್ದವಾಯಿತು.

ಚಿಕ್ಕಮಾದಯ್ಯ ಒಳಗೆ ಬಂದ. ಹರಳೆಣ್ಣೆಯ ಬಾಟಲಿ, ಬಿದಿರಿನ ದಬ್ಬೆ, ಬಟ್ಟೆಯ ಉಂಡೆ. ರೋಗಿಯ ಮುಖ ಕೂಡ ನೋಡದೆ ಬೆನ್ನು ತಿರುಗಿಸಿ ಬೆರಳಿಟ್ಟು, ಇದೀಗ ಸರಿದಿರೋದು, ಬಿಸಿಬಿಸಿ ಅದೆ ಅಂದ. ಬೆಳ್ಳೂರು ಕ್ರಾಸಿನಲ್ಲಿ ನಿನ್ನೆ ಸರಿದದ್ದು ಅಂತ ಜಹೀರುದ್ದೀನ್ ತಿದ್ದಿದ. ಚಿಕ್ಕಮಾದಯ್ಯ ಅವನನ್ನೊಮ್ಮೆ ನೋಡಿ, ಮಂಡಿಯನ್ನು ಚಿಕ್ಕಸ್ವಾಮಿಯ ಬೆನ್ನಿನ ಮೇಲಿಟ್ಟ.

ಮೂರು ಊರಿಗೆ ಕೇಳುತ್ತದೆ ಅನ್ನೋದು ಸುಳ್ಳು. ಹೇಮಗಿರಿ ಕಡೆಯಿಂದ ಬರುತ್ತಿದ್ದ ಬಸ್ಸಿನವರಿಗೂ ಕೇಳಿಸಿತಂತೆ. ತಮ್ಮಯ್ಯ ಕಾಲು ಹಿಡಿದುಕೊಂಡಿದ್ದ, ಜಹೀರುದ್ದೀನ್ ಕೈ ಹಿಡಿದುಕೊಂಡು ಅಳುತ್ತಿದ್ದ. ಕೊನೆಗೆ ಉಪ್ಪಿನ ಗಂಟು ಸುಟ್ಟಿದ್ದ ಜಾಗದ ಮೇಲೇ ಉರಿ ಹತ್ತೋಹಾಗೆ ಎಣ್ಣೆ ತಿಕ್ಕಿ, ದಬ್ಬೆ ಇಟ್ಟು, ಬಟ್ಟೆ ಸುತ್ತಿ, ಚಿಕ್ಕಮಾದಯ್ಯ ಕೈ ತೊಳೆದುಕೊಂಡು ಅಪ್ಪಣೆ ಕೊಟ್ಟ: ದಬ್ಬೆ ಬಿಚ್ಚೋ ತನಕ ಅಲ್ಲಾಡೋ ಹಾಗಿಲ್ಲ, ಏಳೋ ಹಾಗಿಲ್ಲ. ಇಟ್ಟಿಗೆ ಒಳ್ಳೆ ಉಪಾಯ, ಅಂಗೇ ಇರಲಿ.

ದೀಪ ಹಚ್ಚೋ ಹೊತ್ತಿಗೆ ಎಲ್ಲರೂ ಹೋದರು. ತಮ್ಮಯ್ಯ ಶಾಪ ಹಾಕುತ್ತ ಕಿಕ್ಕೇರಿಗೆ ಹೋದ. ಹೇಮಶ್ರೀ ಬಂದು ಮಂಚದ ತಲೆದೆಸೆಯಲ್ಲಿ, ಅಂದರೆ ತಗ್ಗಿನಲ್ಲಿ, ಕೂತಳು. ಚಿಕ್ಕಸ್ವಾಮಿ ಕತ್ತು ತಿರುಗಿಸಲಾಗದೆ ಕಣ್ಣು ಮಾತ್ರ ಹೊರಳಿಸಿ ಕೇಳಿದ.

"ಹೋಯ್ತೇನೇ ಹೇಮಾ?"

"ಏನೂ ಹೋಗಿಲ್ಲ. ಡಾಕ್ಟರು ಓಡಾಡು ಅಂದ್ರು, ಓಡಾಡ್ದೆ. ನಂಗೆ ಹನ್ನೊಂದು ವರ್ಷದಲ್ಲಿ ಇವತ್ತಿನಷ್ಟು ನಗು ಬಂದಿರ್ಲಿಲ್ಲ," ಅಂದು ಅವನ ಹಣೆ ಮೇಲೆ ಕೈಯಿಟ್ಟಳು. ಇನ್ನೊಂದು ಕೈ ಹೊಟ್ಟೆಯನ್ನು ಹಿಡಿದುಕೊಂಡೇ ಇತ್ತು. ಅವಳಿಗೂ ಭಯ ಇತ್ತು ಅನ್ನೋದು ಅವನಿಗೆ ಆಗ ತಿಳಿಯಿತು.

ಪುಟ್ಟತಾಯಮ್ಮ ಗಂಜಿ ಹಿಡಿದುಕೊಂಡು ಬಂದಳು. ಚಿಕ್ಕಸ್ವಾಮಿಗೆ ದಿನವಿಡೀ ಕಟ್ಟಿಟ್ಟ ಸಿಟ್ಟು ಒಡೆಯಿತು. ಅವಳಿಗೆ ತಲೆಸುತ್ತು ಅಂತ ಹೇಳಿದ್ದೆ, ಬೆಳಗಿಂದ ಒಂದು ಗಳಿಗೆ ಕೂರಿಸಲಿಲ್ಲವಲ್ಲ, ನೀನು ತಾಯಿಯೋ ಮೇಸ್ತ್ರಿಯೋ ಅಂತ ಕೇಳಿದ. ಅವಳು ಗಂಜಿ ಆರಿಸುತ್ತ ನಿಧಾನವಾಗಿ ಹೇಳಿದಳು.

"ತಲೆಸುತ್ತಿಗೆ ಯಾರ್ಲಾ ಕಾಲ್ದೆಸೆಗೆ ಇಟ್ಟಿಗೆ ಇಕ್ತಾರೆ? ನೋಡ್ದೇಟ್ಗೇ ಗೊತ್ತಾಯ್ತು, ಬೆಂಗ್ಳೂರಲ್ಲಿ ಏನ್ ಮಾಡಿಸ್ಕಂಡ್ ಬಂದಿದ್ದೀರಿ ಅಂತ. ನೀನು ನೋಡುದ್ರೆ ಬುದ್ಧಿ ಇಲ್ದೆ ಮಲಗಿಸ್ಬುಟ್ಟಿದ್ದೀಯ. ಮಲಗಿಸ್ಬ್ಯಾಡ ಅಂದ್ರೆ ನನ್ನ ಮಾತು ಕೇಳಿಯಾ? ಅದ್ಕೇ ಮಂಚದ ಮ್ಯಾಲೆ ಬಿದ್ದಿದ್ದ ನಿನ್ನ ಏಳಕ್ ಬುಡಬಾರ್ದು ಅಂತ, ಬಂದೋರ್ನೆಲ್ಲ ಕೂರಿಸ್ಕಂಡೆ, ಮಾದಯ್ಯನ್ನೂ ಕರೆಸ್ದೆ."

"ಅವ್ವಾ, ಅದು ಹಸುಗೆ ಹೇಳೋದು," ಅಂದ ಚಿಕ್ಕಸ್ವಾಮಿ, ದನಿ ಒಡೆದು.

"ಹೇಳೋನು ನೀನೇ ತಾನೆ? ನಿಂತಿಲ್ವಾ ಅವು?"

ಚಿಕ್ಕಸ್ವಾಮಿ ಮಾತು ತಿರುಗಿಸಿದ. ಕೊಡ ಖಾಲಿ ಅಂತ ಗೊತ್ತಿದ್ದೇ ಕೊಟ್ಟೆಯಾ ಅಂತ ಕೇಳಿದ. ಬಸುರಿ ಕೈಲಿ ತುಂಬಿದ ಕೊಡ ಹೊರಿಸೋಕೆ ನಾನೇನು ರಾಕ್ಷಸಿಯಾ ಅಂದಳು ಪುಟ್ಟತಾಯಮ್ಮ. ಬಸುರಿ ಅನ್ನೋ ಮಾತನ್ನು ಆ ಮನೆಯಲ್ಲಿ ಮೊದಲನೇ ಸಲ ಅವಳೇ ಆಡಿದ್ದು.

ಅವನ ದಬ್ಬೆ ಬಿಚ್ಚುವ ಹೊತ್ತಿಗೆ ಹೇಮಶ್ರೀಯ ರಕ್ತಪರೀಕ್ಷೆ ಆಗಿತ್ತು. ಬಸ್ ನಿಲ್ದಾಣದ ಹತ್ತಿರ ಮುಸವ್ವಿರ್ ಅನ್ನುವವನ ಎಸ್‌ಟಿಡಿ ಬೂತಿಗೆ ಚಿಕ್ಕಸ್ವಾಮಿ ಕೋಲೂರಿಕೊಂಡು ಹೋಗಿ ಬೆಂಗಳೂರಿಗೆ ಫೋನು ಹಚ್ಚಿದ. ನಿಂತಿದೆ ಅಂದರು ಡಾಕ್ಟರಮ್ಮ. ಅವನು ಗಾಜಿನ ಗೂಡಿನೊಳಗೆ ಮುಖ ಮುಚ್ಚಿಕೊಂಡು ಅತ್ತ. ಅತ್ತು ಮುಗಿಸಿ, ನಡೆಸಿದ್ದರಿಂದ ನಿಂತಿತಾ ಮೇಡಂ ಅಂತ ಕೇಳಿದ. ನಡೆಸಿದ್ದರಿಂದಲೂ ಅಲ್ಲ, ಮಲಗಿಸಿದ್ದರಿಂದಲೂ ಅಲ್ಲ, ನಿಲ್ಲೋದಿತ್ತು ನಿಂತಿತು ಅಂದರು ಅವರು. ಈ ಮಾತನ್ನು ಅವನು ಅವ್ವನಿಗೆ ಹೇಳಲಿಲ್ಲ, ಹೇಳಿದರೂ ಅವಳು ನಂಬುತ್ತಿರಲಿಲ್ಲ.

ಗುಟ್ಟು ಗುಟ್ಟಾಗಿಯೇ ಉಳಿಯಿತು. ಆದರೆ ಹೊಟ್ಟೆ ಕಾಣಿಸಿದ ದಿನ ಊರು ತನ್ನ ಲೆಕ್ಕ ತಾನು ಹಾಕಿತು. ಹನ್ನೊಂದು ವರ್ಷ ಇಲ್ಲದ್ದು, ಚಿಕ್ಕಮಾದಯ್ಯ ಬಂದು ಸೊಂಟ ಕಟ್ಟಿಹೋದ ಮೇಲೆ ಆಯಿತು. ಹಾಗಾದರೆ ದೋಷ ಇದ್ದದ್ದು ಎಲ್ಲಿ? ಜಯಲಕ್ಷ್ಮಮ್ಮ ಮಡಿಲಕ್ಕಿ ತಂದು ಹೇಮಶ್ರೀಯ ಕೈ ಹಿಡಿದು, ಇಷ್ಟು ದಿನ ನಿನ್ನ ಅಂದುಕೊಂಡೆವಲ್ಲ ತಾಯಿ, ಎಲ್ಲ ಆ ನಿನ್ನ ಗಂಡನ ಸೊಂಟದ್ದು ಅಂತ ಬೀದಿಗೆ ಕೇಳೋಹಾಗೆ ಅತ್ತಳು. ಮರುವಾರವೇ ಯಾರದೋ ಮನೆಯ ನಾಮಕರಣದಲ್ಲಿ ಹೇಮಶ್ರೀ ಕೈಯಲ್ಲೇ ಮಗುವನ್ನು ತೊಟ್ಟಿಲಿಗೆ ಹಾಕಿಸಿದರು. ಅವಳು ಮನೆಗೆ ಬಂದು ಆವತ್ತು ಅತ್ತಳು. ಚಿಕ್ಕಸ್ವಾಮಿ ತನ್ನ ಸೊಂಟದ ಮಾನವನ್ನು ಅದಕ್ಕೆ ಧಾರೆ ಎರೆದುಕೊಟ್ಟು ಸುಮ್ಮನಾದ. ಕಿಕ್ಕೇರಿಯವನ ಸೂಜಿಗೆ ತಮ್ಮಯ್ಯನ ಹಸು ನಿಲ್ಲಲಿಲ್ಲ, ಅದಕ್ಕೂ ಆ ಸೊಂಟವೇ ಕಾರಣ ಅಂತ ಅವನು ಹಾಲಿನ ಡೈರಿಯಲ್ಲಿ ಹೇಳಿಕೊಂಡು ತಿರುಗಿದ.

ಒಂದು ಭಾನುವಾರ ಪಾಂಡವಪುರದಿಂದ ಸಂತೋಷ್ ಅನ್ನುವ ಹುಡುಗ ಹೆಂಡತಿಯನ್ನು ಕರೆದುಕೊಂಡು ಬಂದ. ಮದುವೆಯಾಗಿ ಏಳು ವರ್ಷವಂತೆ. ಹೆಂಡತಿ ಸೀದಾ ಒಳಗೆ ಹೇಮಶ್ರೀ ಹತ್ತಿರ ಹೋದಳು. ಇವನು ಜಗಲಿ ತುದಿಯಲ್ಲಿ ಕೂತು, ಚಪ್ಪಲಿ ನೋಡುತ್ತ, ಆ ಸೊಂಟ ಕಟ್ಟುವವರ ವಿಳಾಸ ಬೇಕಿತ್ತು ಸಾರ್ ಅಂದ. ಅವನ ಸೊಂಟ ನೆಟ್ಟಗೇ ಇತ್ತು. ಮುಖ ಮಾತ್ರ ಚಿಕ್ಕಸ್ವಾಮಿಗೆ ಗುರುತಿತ್ತು, ಹನ್ನೊಂದು ವರ್ಷ ಕನ್ನಡಿಯಲ್ಲಿ ಕಂಡಿದ್ದ ಮುಖ.

ಅದನ್ನು ಕಂಡ ಮೇಲೆ ಸುಳ್ಳು ಬಾಯಿಗೆ ಬರಲಿಲ್ಲ. ಕಿಟಕಿಯಲ್ಲಿ ಹೇಮಶ್ರೀಯನ್ನು ನೋಡಿದ. ಅವಳು ಹೇಳಿ ಅಂತ ತಲೆಯಾಡಿಸಿದಳು. ಯಾವ ಗುಟ್ಟಿಗಾಗಿ ಸೊಂಟ ಮುರಿಸಿಕೊಂಡಿದ್ದನೋ ಅದನ್ನು ಚಿಕ್ಕಸ್ವಾಮಿ ಆ ಅಪರಿಚಿತನ ಮುಂದೆ ಬಿಚ್ಚಿಟ್ಟ. ಬೆಂಗಳೂರು, ಡಾಕ್ಟರಮ್ಮ, ಗಾಜಿನ ಬಟ್ಟಲು, ಇಟ್ಟಿಗೆ, ಖಾಲಿ ಕೊಡ, ಒಂದನ್ನೂ ಬಿಡಲಿಲ್ಲ. ಸೊಂಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಕಣಪ್ಪ ಅಂದು ನಿಲ್ಲಿಸಿದಾಗ ಎದೆ ಹಗುರಾಗಿತ್ತು.

ಸಂತೋಷ್ ಎಲ್ಲವನ್ನೂ ಕೇಳಿದ. ಕೇಳಿ ಎದ್ದು ನಿಂತ.

"ವಿಳಾಸ ಏಳಕ್ಕೆ ಇಷ್ಟ ಇಲ್ದಿದ್ರೆ ಇಲ್ಲ ಅನ್ನಿ ಸಾರ್. ಗಾಜಿನ ಬಟ್ಲಲ್ಲಿ ಮಗು ಆಯ್ತದೆ ಅಂತ ಕತೆ ಕಟ್ಟದ್ಯಾಕೆ? ನಾಗಮಂಗಲ ಏನ್ ದೂರ ಅಲ್ಲ, ನಾನೇ ವಿಚಾರಿಸ್ಕತೀನಿ."

ಒಳಗೆ ಅವನ ಹೆಂಡತಿ ಆಗಲೇ ಡಾಕ್ಟರಮ್ಮನ ಫೋನ್ ನಂಬರನ್ನು ಹೇಮಶ್ರೀಯಿಂದ ಬಾಯಿಪಾಠ ಮಾಡಿಕೊಂಡಾಗಿತ್ತು. ಹೊರಗೆ ಬಂದು ಗಂಡನ ಹಿಂದೆ ನಡೆಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಗಂಡ ಮಾತ್ರ ಗೇಟಿನ ಹತ್ತಿರ ಹೋದವನು ಏನೋ ನೆನಪಾಗಿ ತಿರುಗಿದ.

"ಎಣ್ಣೆ ನಾವೇ ತಕ್ಕಂಡೋಗ್ಬೇಕಾ ಸಾರ್, ಇಲ್ಲ ಅವ್ರೇ ಆಕ್ತಾರಾ?"

ಚಿಕ್ಕಸ್ವಾಮಿಯ ಕೈ ತಾನಾಗಿ ಸೊಂಟದ ಮೇಲೆ ಹೋಯಿತು.

"ನೀನೇ ತಕ್ಕಂಡೋಗಪ್ಪ," ಅಂದ. "ಅವನ ಎಣ್ಣೆ ಉರೀತದೆ."